ಮಲ್ಲಿಗೆಗೊಂದು ನ್ಯಾಯ, ದುಪಟ್ಟಾಗೊಂದು ನ್ಯಾಯನಾ?

ಹೋದ ಸಲ ಹೋಟೆಲ್ ಸಾಂಬಾರಲ್ಲಿ ಕೂದಲು ಸಿಕ್ತು ಏನ್ಮಾಡ್ಲಿ ಅಂತ ಒಬ್ರು ಕೇಳಿದ್ದಕ್ಕೆ ನಾಲ್ಕು ಸಾಲು ಬರೆದಿದ್ದೆ ನೋಡಿ, ಅದನ್ನ ಓದಿ ಈ ಸಲ ಬಂದಿರೋ ಪ್ರಶ್ನೆಗಳೆಲ್ಲ ತಲೆ ಸುತ್ತಾನೇ ಸುತ್ತುತಿವೆ, ಆಹಾರದ ಫ್ಯಾಕ್ಟರಿ ಒಳಗೆ ಧರ್ಮದ ಉಡುಗೆ, ಒಡವೆ, ಗಡ್ಡ ಎಷ್ಟರ ಮಟ್ಟಿಗೆ ನಡೆಯುತ್ತೆ ಅಂತ. 26 ವರ್ಷ ಫುಡ್ ಫ್ಯಾಕ್ಟರಿಗಳ ಕ್ವಾಲಿಟಿ ಸೆಕ್ಷನ್ನಲ್ಲಿ ದುಡಿದೋಳು ನಾನು, ಬಿಸ್ಕತ್ತು, ಮಸಾಲೆ, ಕೊನೆಗೆ ಗೇರುಬೀಜ, ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಲಕ್ಕೆ ತಳ್ಳಿ ಇವನ್ನೇ ಒಟ್ಟಿಗೆ ತಗೊಂಡಿದೀನಿ. ಹೆಸರು ಹಾಕ್ಬೇಡಿ ಅಂದವರ ಹೆಸರು ಹಾಕಿಲ್ಲ, ಹಾಕಿ ಅಂದವರದ್ದೂ ಹಾಕಿಲ್ಲ, ಹೊಟ್ಟೆಪಾಡಿನ ಜಾಗದ ವಿಷಯ, ಸುಮ್ನೆ ಯಾಕೆ.

ಪ್ರಶ್ನೆ: ಮೇಡಂ, ನಾನು ಕಾರ್ಕಳ ಹತ್ತಿರ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ಗ್ರೇಡಿಂಗ್ ಸೂಪರ್‌ವೈಸರ್. ನಮ್ಮಲ್ಲಿ 90 ಜನ ಹೆಂಗಸರು ಉಂಟು, ಹಿಂದೂ, ಬ್ಯಾರಿ, ಕ್ರಿಶ್ಚಿಯನ್ ಎಲ್ಲರೂ. ಮೊನ್ನೆ ಎಕ್ಸ್‌ಪೋರ್ಟ್ ಪಾರ್ಟಿಯಿಂದ ಕಂಪ್ಲೇಂಟ್ ಬಂತು, ಟಿನ್ನಿನಲ್ಲಿ ಕೂದಲು ಅಂತ. ಮರುದಿನವೇ ಮ್ಯಾನೇಜರ್ ನೋಟಿಸ್ ಅಂಟಿಸಿದ್ರು, ಸೋಮವಾರದಿಂದ ದುಪಟ್ಟಾ, ಸ್ಕಾರ್ಫ್ ಯಾವುದೂ ಇಲ್ಲ, ಹೇರ್‌ನೆಟ್ ಮಾತ್ರ ಅಂತ. 11 ಜನ ಬ್ಯಾರಿ ಹೆಂಗಸರಲ್ಲಿ 4 ಜನ ಬರುದೇ ನಿಲ್ಲಿಸಿದ್ದಾರೆ, ಕೈ ಚುರುಕಿನವರು ಅವರೇ. ಉಳಿದವರು ನನ್ನ ಮುಖ ನೋಡಿ ಮಾತಾಡುದಿಲ್ಲ. ಆದ್ರೆ ಮಲ್ಲಿಗೆ ಮುಡಿದವರಿಗೆ ಯಾರೂ ಎಂತ ಹೇಳಿಲ್ಲ, ನೆಟ್ಟಿನ ಒಳಗೆ ಉಂಟಲ್ಲ ಅಂತ. ರೂಲ್ ಅಂದ್ರೆ ರೂಲ್ ಅಂತಾರೆ ಮ್ಯಾನೇಜರ್. ನಡುವಿನಲ್ಲಿ ಸಿಕ್ಕಿ ಬಿದ್ದದ್ದು ನಾನು. ಎಂತ ಮಾಡುದು ಹೇಳಿ.

ಉತ್ತರ: ನಿಮ್ಮ ಮ್ಯಾನೇಜರು ಕೂದಲಿನ ಮೇಲಿನ ಸಿಟ್ಟನ್ನ ಬಟ್ಟೆ ಮೇಲೆ ತೀರಿಸಿದ್ದಾರೆ ತಂಗಿ. ರೂಲ್ ಅಂದ್ರೆ ರೂಲ್ ಅನ್ನೋರು ಒಂದ್ಸಲ ಆ ರೂಲನ್ನ ಓದಿದ್ರೆ ಚೆನ್ನಾಗಿರುತ್ತೆ. ಎಫ್‌ಎಸ್‌ಎಸ್‌ಎಐ, ಅಂದ್ರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ಲೈಸೆನ್ಸಿಂಗ್ ನಿಯಮದಲ್ಲಿ ಶೆಡ್ಯೂಲ್ 4 ಅಂತ ಇದೆ, ನಿಮ್ಮ ಆಫೀಸ್ ಫೈಲಲ್ಲೂ ಒಂದು ಕಾಪಿ ಇರಲೇಬೇಕು. ಅದು ಹೇಳೋದಿಷ್ಟೇ, ಆಹಾರ ಮುಟ್ಟೋ ಕೆಲಸದವರಿಗೆಲ್ಲ ಶುಭ್ರವಾದ ಮೇಲಂಗಿ, ತಲೆಗೆ ಹೊದಿಕೆ, ಮಾಸ್ಕು, ಗ್ಲೌಸು, ಕಾಲಿಗೆ ಹಾಕೋದು ಇಷ್ಟನ್ನೂ ಕಂಪನಿ ಕೊಡ್ಬೇಕು, ದಿನಾ ಶುಭ್ರವಾಗಿರೋದನ್ನೇ ಹಾಕ್ಕೊಳ್ಳೋ ಹಾಗೆ ನೋಡ್ಕೋಬೇಕು. ತಲೆಗೆ ಹೊದಿಕೆ ಅಂತ ಇದೆಯೇ ಹೊರತು ಅದು ಬಲೆನೋ ಬಟ್ಟೆನೋ ಟೋಪಿನೋ ಅಂತ ಇಲ್ಲ. ಇನ್ನೊಂದು, ಕೊಡ್ಬೇಕಾದ್ದು ಕಂಪನಿ. ಈ ಕೊನೇ ಮಾತನ್ನ ಬೆರಳಿಟ್ಟು ತೋರಿಸಿ ಅವರಿಗೆ, ಯಾಕಂದ್ರೆ ದಾರಿ ಇರೋದು ಅಲ್ಲೇ.

ಹಾಗಂತ ಮನೆಯಿಂದ ಹಾಕ್ಕೊಂಡು ಬಂದ ದುಪಟ್ಟಾನಲ್ಲೇ ಗ್ರೇಡಿಂಗ್ ಟೇಬಲ್ಲಿಗೆ ಕೂರಬಹುದಾ? ಕೂರಬಾರದು. ಬೆಳಿಗ್ಗೆ ಅದೇ ದುಪಟ್ಟಾ ಹೊದ್ದು ಮೀನು ಹುರಿದಿರ್ತಾರೆ, ಅದರ ತುದಿಲಿ ಮಗುವಿನ ಮೂಗು ಒರೆಸಿರ್ತಾರೆ, ಬಸ್ಸಲ್ಲಿ ಕಿಟಕಿ ಪಕ್ಕ ಕೂತು ದಾರಿ ಉದ್ದಕ್ಕೂ ಧೂಳು ಕುಡಿಸಿರ್ತಾರೆ, ಅದೇನು ದುಪಟ್ಟಾ ಒಂದರ ಪಾಪ ಅಲ್ಲ, ಸೀರೆ ಸೆರಗಿಗೂ ಅದೇ ಗತಿ. ಹೊರಗಿನ ಬಟ್ಟೆ ಹೊರಗೆ, ಯಾರದ್ದಾದ್ರೂ ಸರಿ. ಅವರು ಒಳಗೆ ತಲೆ, ಕಿವಿ, ಕತ್ತು ಮುಚ್ಕೋಬೇಕು ಅಂದ್ರೆ ಅದಕ್ಕೆ ಬೇಕಾದ ಬಟ್ಟೆ ಕಂಪನಿದೇ ಆಗಿರ್ಬೇಕು, ಒಬ್ಬೊಬ್ಬರಿಗೆ 3 ಜೊತೆ, ಒಗೆಯೋದೂ ಕಂಪನಿನೇ. ಹುಡ್ ಥರ ಹೊಲಿಸಿದ್ದು, ತಲೆ ಮೇಲಿಂದ ತೂರಿಸಿದ್ರೆ ಮುಖ ಮಾತ್ರ ಕಾಣೋದು, ಕೆಳಗಿನ ಅಂಚು ಕೋಟಿನ ಕಾಲರ್ ಒಳಗೆ ಹೋಗ್ಬೇಕು. ಯೋಚನೆ ಮಾಡಿ ನೋಡಿ, ಎರಡು ರೂಪಾಯಿ ನೆಟ್ಟು ಕಿವಿ ಮೇಲಿನ ಕೂದಲನ್ನೂ ಹಿಂದುಗಡೆ ಕತ್ತಿನ ಹತ್ರದ ಕೂದಲನ್ನೂ ಹೊರಗೇ ಬಿಟ್ಟಿರುತ್ತೆ, ಈ ಹುಡ್ ಅದನ್ನೂ ಹಿಡಿಯುತ್ತೆ, ಅಂದ್ರೆ ಆ 11 ಜನ ಕೇಳ್ತಿರೋದು ನಿಮ್ಮ ಮ್ಯಾನೇಜರ್ ಕೇಳ್ತಿರೋದಕ್ಕಿಂತ ಜಾಸ್ತಿ ಶುಚಿಯಾದದ್ದು, ಅದು ಇಬ್ರಿಗೂ ಗೊತ್ತಾಗಿಲ್ಲ ಅಷ್ಟೇ.

ಸ್ಕಾರ್ಫಿನ ನಿಜವಾದ ತೊಂದರೆ ಬೇರೆ ಇದೆ, ಪಿನ್ನು. ಗುಂಡುಪಿನ್ನು ಬಾಯಲ್ಲಿ ಕಚ್ಕೊಂಡು ಒಂದೊಂದಾಗಿ ಸಿಕ್ಕಿಸ್ಕೊಳ್ತಾರಲ್ಲ, ಅದು ಒಂದು ಟಿನ್ನೊಳಗೆ ಬಿದ್ರೆ ಕೂದಲು ಯಾವ ಲೆಕ್ಕ. ಕೊನೇಲಿ ಮೆಟಲ್ ಡಿಟೆಕ್ಟರ್ ಇದೆಯಲ್ಲ ಅನ್ಬೇಡಿ, ಅದು ಗುಂಡಗಿರೋ ಚೂರನ್ನ ಹಿಡಿದಷ್ಟು ಚೆನ್ನಾಗಿ ತೆಳ್ಳಗೆ ಉದ್ದ ಇರೋ ತಂತಿನ ಹಿಡಿಯಲ್ಲ, ಪಿನ್ನು ಯಾವ ದಿಕ್ಕಿಗೆ ಮಲಗಿದೆ ಅನ್ನೋದರ ಮೇಲೆ ಹೋಗುತ್ತೆ, ಸ್ಟೀಲ್ ಆದ್ರಂತೂ ಇನ್ನೂ ಕಷ್ಟ. ಪಿನ್ ಬೇಡದ ಹುಡ್ ಯಾಕೆ ಅಂದಿದ್ದು ಇದಕ್ಕೇ. ಈಗ ಈ ಕಡೆ ತಿರುಗಿ ಆ ಉಳಿದ 79 ಜನರನ್ನ ನೋಡಿ. ಕರಿಮಣಿಗೆ ನಾಲ್ಕು ಸೇಫ್ಟಿ ಪಿನ್ನು, ಬಳೆಗೆ ಎರಡು, ಸೆರಗಿಗೆ ಒಂದು, ಜಡೆಗೆ ಹೇರ್‌ಪಿನ್ನು, ಹಣೇಲಿ ಸ್ಟಿಕ್ಕರ್ ಬೊಟ್ಟು, ಬೆವರಿಗೆ ಅದು ಯಾವಾಗ ಜಾರುತ್ತೋ ದೇವರಿಗೇ ಗೊತ್ತು. ನಾನೇ ಒಂದ್ಸಲ ಚೇಂಜಿಂಗ್ ರೂಮಲ್ಲಿ ಒಂದು ತಟ್ಟೆ ಇಟ್ಟು ಎಲ್ಲ ಪಿನ್ನೂ ಹಾಕ್ರಮ್ಮಾ ಅಂದಿದ್ದೆ, 40 ಜನರಿಗೆ ತಟ್ಟೆ ತುಂಬಿ ಹೋಯ್ತು, ನನ್ನ ಕರಿಮಣಿಯಿಂದಲೇ 3 ಬಂತು.

ಇನ್ನು ಮಲ್ಲಿಗೆ. ನೆಟ್ಟಿನ ಒಳಗಿದೆ ಅಂತ ಬಿಡೋದಾದ್ರೆ ದುಪಟ್ಟಾನೂ ನೆಟ್ಟಿನ ಮೇಲೇ ತಾನೇ ಇತ್ತು? ನಿಮ್ಮೂರಲ್ಲಿ ಅಟ್ಟೆ ಅನ್ನೋ ಅಳತೆ ಲೆಕ್ಕದಲ್ಲಿ ಮಾರೋ ಹೂವು, ಸಂಜೆ ಹೊತ್ತಿಗೆ ದಳ ಉದುರುತ್ತೆ, ಕಟ್ಟಿರೋ ನಾರು ಸಡಿಲ ಆಗುತ್ತೆ, ಅದರೊಳಗೆ ಸಣ್ಣ ಇರುವೆ ಬಂದಿದ್ದನ್ನ ನಾನು ಕಣ್ಣಾರೆ ನೋಡಿದೀನಿ, ಬಿಳಿ ಗೇರುಬೀಜದ ಜೊತೆ ಬಿಳಿ ದಳ ಸೇರಿದ್ರೆ ಗ್ರೇಡಿಂಗಿನವರ ಕಣ್ಣಿಗೂ ಸಿಗಲ್ಲ. ಹೂವಿಗೆ ಕಣ್ಣು ಮುಚ್ಚಿ ಬಟ್ಟೆಗೆ ಕಣ್ಣು ಬಿಟ್ರೆ ಅದನ್ನ ಶುಚಿ ಅಂತ ಯಾರೂ ನಂಬಲ್ಲ, ಆ 4 ಜನ ಮನೇಲಿ ಕೂತಿರೋದು ದುಪಟ್ಟಾಗಿಂತ ಇದಕ್ಕೇ ಇರಬಹುದು. ಅದರಲ್ಲೂ ನಿಮ್ಮ ಉಡುಪಿ ಜಿಲ್ಲೇಲಿ. 2022ರ ಕಾಲೇಜು ಸಮವಸ್ತ್ರದ, ಅಂದ್ರೆ ಹಿಜಾಬಿನ ಗಲಾಟೆ ಶುರುವಾಗಿದ್ದೇ ಅಲ್ಲಿ, ಮಾರ್ಚಲ್ಲಿ ಹೈಕೋರ್ಟ್ ತೀರ್ಪು ಬಂತು, ಅಕ್ಟೋಬರಲ್ಲಿ ಸುಪ್ರೀಂ ಕೋರ್ಟಿನ ಇಬ್ರು ಜಡ್ಜುಗಳು ಎರಡು ದಾರಿ ಹಿಡಿದ್ರು. ಅದು ಕ್ಲಾಸ್‌ರೂಮಿನ ವಿಷಯ, ಫ್ಯಾಕ್ಟರಿಗೆ ಅದು ಅನ್ವಯಿಸಲ್ಲ, ಆದ್ರೆ ನೋಟಿಸ್ ಬೋರ್ಡಲ್ಲಿ ದುಪಟ್ಟಾ ಇಲ್ಲ ಅಂತ ಎರಡು ಪದ ಬರೆದ್ರೆ ಓದೋರಿಗೆ ನೆನಪಾಗೋದು ಅದೇ. ಕೂದಲು ಬೀಳದ ಹಾಗೆ ತಲೆ ಪೂರ್ತಿ ಮುಚ್ಚಿರ್ಬೇಕು, ಬಟ್ಟೆ ಕಂಪನಿ ಕೊಡುತ್ತೆ, ಹೂವು ಪಿನ್ನು ಒಡವೆ ಬೊಟ್ಟು ಯಾರಿಗೂ ಇಲ್ಲ ಅಂತ ಬರೆದಿದ್ರೆ ಮುಗಿದು ಹೋಗ್ತಿತ್ತು.

ಹೂವು ಬಿಡಿಸೋದು ಸುಲಭ ಅಂದ್ಕೋಬೇಡಿ ಮತ್ತೆ. ನಾವು ಮಾಡಿದ್ದು ಹೀಗೆ, ಚೇಂಜಿಂಗ್ ರೂಮಿನ ಹೊರಗೆ ಮುಚ್ಚಳ ಇರೋ ಸ್ಟೀಲ್ ಡಬ್ಬಿಗಳು, ಒಳಗೆ ಒದ್ದೆ ಮಾಡಿದ ಬಾಳೆಎಲೆ, ಬಂದ ತಕ್ಷಣ ಹೂವು ಅದರೊಳಗೆ, ಸಂಜೆ ಹೊರಡೋವಾಗ ಮುಡ್ಕೊಂಡು ಹೋಗೋದು. ಮೊದಲನೇ ವಾರ ಗೊಣಗಿದ್ರು, ಆಮೇಲೆ ಮನೆಗೆ ಹೋಗೋವಾಗ ಫ್ರೆಶ್ ಆಗಿರುತ್ತೆ ಅಂತ ಅವರೇ ಹೇಳೋಕೆ ಶುರು ಮಾಡಿದ್ರು.

ಹಾಕ್ಕೊಳ್ಳೋ ಕ್ರಮ ಮರೀಬೇಡಿ. ಮೊದಲು ನೆಟ್ಟು, ಆಮೇಲೆ ಹುಡ್, ಆಮೇಲೆ ಕೋಟು. ಕೋಟು ಹಾಕಿ ನೆಟ್ ಹಾಕಿದ್ರೆ ಬಾಚೋವಾಗ ಉದುರಿದ್ದೆಲ್ಲ ಭುಜದ ಮೇಲೆ ಕೂತು ಒಳಗೆ ಬರುತ್ತೆ. ಮನುಷ್ಯರಿಗೆ ದಿನಕ್ಕೆ 50ರಿಂದ 100 ಕೂದಲು ಸುಮ್ನೆ ಉದುರುತ್ತೆ, 90 ಜನಕ್ಕೆ ಎಷ್ಟಾಯ್ತು ಲೆಕ್ಕ ಹಾಕ್ಕೊಳ್ಳಿ. ಬಾಗಿಲಲ್ಲಿ ಅಂಟು ರೋಲರ್ ಇಟ್ಟು ಒಬ್ಬರ ಬೆನ್ನು ಇನ್ನೊಬ್ಬರು ಉಜ್ಜೋದು. ಚೇಂಜಿಂಗ್ ರೂಮಿಗೆ ಚಿಲಕ ಇರೋ ಬಾಗಿಲು ಬೇಕು, ಕನ್ನಡಿ ಬೇಕು, ಚೆಕ್ ಮಾಡೋದು ಹೆಂಗಸರೇ ಆಗಿರ್ಬೇಕು. ಇದೆಲ್ಲ ಇಲ್ಲದೆ ಬುರ್ಖಾ ತೆಗೆದು ಬನ್ನಿ ಅಂದ್ರೆ ಎಲ್ಲಿ ತೆಗೀತಾರೆ ಪಾಪ.

ಎರಡು ಮಾತು ಹೇಳಿ ಮುಗಿಸ್ತೀನಿ. ಆ ಕೂದಲು ಯಾರದ್ದು ಅಂತ ನೋಡಿದ್ರಾ? ಉದ್ದ ಎಷ್ಟಿತ್ತು? ನಾನಿದ್ದ ಕಡೆ ಇಂಥದ್ದೇ ಕಂಪ್ಲೇಂಟಿಗೆ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದರು, ಕೊನೆಗೆ ಗಿರಾಕಿ ಕಳಿಸಿದ ಫೋಟೋ ನೋಡಿದ್ರೆ ಒಂದು ಇಂಚಿನ ಕೂದಲು, ಟಿನ್ ತುಂಬೋ ಜಾಗದಲ್ಲಿ ನಿಲ್ಲೋ ಗಂಡಸರದ್ದು, ಕ್ಯಾಪನ್ನ ಹಿಂದಲೆಗೆ ತಳ್ಳಿ ಕ್ರಾಪು ಕಾಣ್ಲಿ ಅಂತ ಇಟ್ಕೊಂಡಿದ್ರು. ಬೋರ್ಮ ಅನ್ನೋ ಒಣಗಿಸೋ ಗೂಡಲ್ಲಿ ಒಣಗಿಸಿ ಸಿಪ್ಪೆ ಬಿಡಿಸಿದ ಮೇಲೆ ನಿಮ್ಮ ಫ್ಯಾಕ್ಟರಿಲಿ ಗೇರುಬೀಜ ಮತ್ತೆ ಬೆಂಕಿ ಕಾಣೋ ಹಾಗಿಲ್ಲ, ಅದು ನೇರ ಬಾಯಿಗೇ ಹೋಗಬಹುದಾದ ಮಾಲು, ಹಾಗಾಗಿ ಬೋರ್ಮದಿಂದ ಟಿನ್ನಿನವರೆಗೆ ಯಾರ್ಯಾರ ತಲೆ ಬಗ್ಗುತ್ತೋ ಎಲ್ಲ ನೋಡಿ, ಫಾರಿನ್ ಗಿರಾಕಿನ ಕರ್ಕೊಂಡು ಉಂಗುರದ ಕೈಲಿ ಬೀಜ ಎತ್ತಿ ತೋರಿಸೋ ಯಜಮಾನರ ತಲೇನೂ ಸೇರಿಸಿ. ಬಂದು ಹೋಗೋರಿಗೂ ಶೆಡ್ಯೂಲ್ 4 ಅನ್ವಯಿಸುತ್ತೆ.

ಎರಡನೇದು, ಆ 4 ಜನರ ಮನೆಗೆ ನೀವೇ ಹೋಗಿ. ಬಟ್ಟೆ ಸ್ಯಾಂಪಲ್ ತಗೊಂಡು ಹೋಗಿ, ಹೊಲಿಸೋಕೆ ಮುಂಚೆ ಅವರನ್ನೇ ಕೇಳಿ. ನಾವು ಮೊದಲು ಹೊಲಿಸಿದ ಹುಡ್ಡು ಕಿವಿ ಬಿಗಿದು ಮೆಷಿನ್ ಸದ್ದಿಗೆ ಒಬ್ಬರು ಕೂಗಿದ್ದು ಇನ್ನೊಬ್ಬರಿಗೆ ಕೇಳ್ತಿರಲಿಲ್ಲ, ಗಲ್ಲದ ಕೆಳಗೆ ಎಲಾಸ್ಟಿಕ್ ಕಡಿದು ಗಂಧೆ ಏಳ್ತಿತ್ತು, ಮನೇಲಿ ಟೈಲರಿಂಗ್ ಮಾಡೋ ಒಬ್ಬ ಹೆಂಗಸು ಅದನ್ನ ಬಿಚ್ಚಿ ಕಿವಿ ಹತ್ರ ತೆಳು ಬಟ್ಟೆ ಕೊಟ್ಟು ಸರಿ ಮಾಡಿದ್ರು. ಆಮೇಲೆ ಅದನ್ನ ಬೇಕು ಅಂತ ಕೇಳಿ ಹಾಕ್ಕೊಂಡವರಲ್ಲಿ ಮಲ್ಲಿಗೆಯವರೂ ಇದ್ರು.

ಪ್ರಶ್ನೆ: ಅಕ್ಕಾ ನಮಸ್ತೆ, ನಾನು ಮೈಸೂರಿನವಳು, ಈಗ ಯುಕೆಲಿ ಲೆಸ್ಟರ್ ಹತ್ರ ಒಂದು ಸ್ಯಾಂಡ್‌ವಿಚ್ ಫ್ಯಾಕ್ಟರಿಲಿ ಏಜೆನ್ಸಿ ಮೂಲಕ ಕೆಲಸ ಮಾಡ್ತಿದೀನಿ. ಮೊದಲನೇ ದಿನಾನೇ ಮಾಂಗಲ್ಯ ತೆಗೀಬೇಕು ಅಂದ್ರು. ಪಕ್ಕದಲ್ಲಿ ನಿಂತಿರೋ ಇಲ್ಲಿನವರ ಕೈಲಿ ಮದುವೆ ಉಂಗುರ ಹಾಗೇ ಇದೆ, ಅದಕ್ಕೆ ಓಕೆ ಅಂತೆ. ಇದು ತಾರತಮ್ಯ ಅಲ್ವಾ? ಅಮ್ಮಂಗೆ ಹೇಳಿಲ್ಲ, ಹೇಳಿದ್ರೆ ಅಳ್ತಾರೆ.

ಉತ್ತರ: ಅರ್ಧ ಹೌದು ಮಗಳೇ, ಅರ್ಧ ಅಲ್ಲ. ಅಲ್ಲಿನ ದೊಡ್ಡ ಸೂಪರ್ ಮಾರ್ಕೆಟ್‌ಗಳಿಗೆ ಮಾಲು ಕೊಡೋರು ಪಾಲಿಸೋ ಬಿಆರ್‌ಸಿ ಸ್ಟ್ಯಾಂಡರ್ಡಲ್ಲಿ ಒಡವೆ ಹಾಕೋ ಹಾಗಿಲ್ಲ ಅಂತಿದೆ, ಹರಳಿಲ್ಲದ ಸಾದಾ ಮದುವೆ ಉಂಗುರ, ಮದುವೆಯ ಕೈಪಟ್ಟಿ, ಕಾಯಿಲೆ ಇರೋರು ಹಾಕ್ಕೊಳ್ಳೋ ಎಚ್ಚರಿಕೆ ಬಿಲ್ಲೆ ಇಷ್ಟಕ್ಕೆ ಮಾತ್ರ ಬಿಡುವು. ಅಮೆರಿಕದ ಫುಡ್ ಕೋಡಲ್ಲೂ ಸಾದಾ ಉಂಗುರಕ್ಕೆ ಬಿಡುವಿದೆ. ಉಂಗುರದ ಕೆಳಗೆ ನೀರು ನಿಂತು ಕೊಳೆ ಸೇರೋದೇನು ತಪ್ಪಲ್ಲ, ಆದ್ರೂ ಬಿಟ್ಟಿದ್ದಾರೆ, ಯಾಕಂದ್ರೆ ರೂಲ್ ಬರೆದವರ ಊರಲ್ಲಿ ಮದುವೆ ಗುರುತು ಅಂದ್ರೆ ಅದು, ನನಗೆ ಅನಿಸೋದು ಅಷ್ಟೇ. ನಮ್ಮಜ್ಜಿ ಬರೆದಿದ್ರೆ ಕರಿಮಣಿಗೆ ಬಿಡುವು ಕೊಟ್ಟು ಉಂಗುರ ಬಿಚ್ಚಿಸಿರೋರು.

ಅರ್ಧ ಅಲ್ಲ ಅಂದಿದ್ದು ಯಾಕೆ ಅಂದ್ರೆ ಮಾಂಗಲ್ಯದ ಸರ ನಿಜವಾಗ್ಲೂ ಉಂಗುರಕ್ಕಿಂತ ಅಪಾಯ. ಕೊಂಡಿ ಸವೆಯುತ್ತೆ, ದಾರ ಹರಿಯುತ್ತೆ, ಹರಿದ್ರೆ ಒಂದಲ್ಲ ಅರವತ್ತು ಮಣಿ ಚೆಲ್ಲುತ್ತೆ, ಕರಿಮಣಿ ಕಾಳುಮೆಣಸಿನ ಥರಾನೇ ಕಾಣುತ್ತೆ, ಗಾಜಾದ್ರೆ ಮೆಟಲ್ ಡಿಟೆಕ್ಟರಿಗೂ ಸಿಗಲ್ಲ. ಅಲ್ಲಿನ ಕಾನೂನು, ಇಕ್ವಾಲಿಟಿ ಆಕ್ಟ್ 2010, ಏನ್ ಹೇಳುತ್ತೆ ಅಂದ್ರೆ ಎಲ್ಲರಿಗೂ ಒಂದೇ ಅಂತ ಮಾಡಿದ ರೂಲು ಒಂದು ಧರ್ಮದವರಿಗೆ ಜಾಸ್ತಿ ತೊಂದರೆ ಕೊಟ್ರೆ ಆ ರೂಲಿಗೆ ನ್ಯಾಯವಾದ ಕಾರಣ ಇರ್ಬೇಕು, ಕಾರಣಕ್ಕೆ ತಕ್ಕಷ್ಟೇ ಬಿಗಿ ಇರ್ಬೇಕು. ಶುಚಿ ಅನ್ನೋದನ್ನ ಅಲ್ಲಿ ಕೋರ್ಟುಗಳು ಮೊದಲಿಂದಲೂ ಒಪ್ಪಿವೆ, 1979ರಲ್ಲೊಂದು 1980ರಲ್ಲೊಂದು ಕೇಸು, ಎರಡೂ ಮಿಠಾಯಿ, ಚಾಕೊಲೇಟ್ ಮಾಡೋ ಕಂಪನಿಗಳದ್ದು, ಗಡ್ಡ ಇರೋ ಸಿಖ್ಖರಿಗೆ ಕೆಲಸ ಇಲ್ಲ ಅಂದಿದ್ದು ಸರಿ ಅಂತಲೇ ತೀರ್ಪಾಯ್ತು. ತಮಾಷೆ ಏನು ಗೊತ್ತಾ, ಈಗ ಅದೇ ದೇಶದ ಫ್ಯಾಕ್ಟರಿಗಳಲ್ಲಿ ಬಾಗಿಲಲ್ಲೇ ಗಡ್ಡದ ನೆಟ್ಟಿನ ಡಬ್ಬಿ ನೇತಾಡ್ತಿರುತ್ತೆ, ನೀನು ದಿನಾ ನೋಡ್ತಿರ್ತೀಯ. ಅವತ್ತು ಆಗಲ್ಲ ಅಂದಿದ್ದು ಬಲೆ ಬಂದ ಮೇಲೆ ಆಯ್ತು.

ಹಾಗಾಗಿ ಜಗಳಕ್ಕೆ ಹೋಗ್ಬೇಡ, ಬರೆದು ಕೇಳು. ಮಣಿ ಸರ ಬಿಟ್ಟು ತಾಳಿ ಒಂದನ್ನೇ ಅರಿಶಿನ ದಾರದಲ್ಲಿ ಹಾಕಿ ಒಳಗಿನ ಬಟ್ಟೆ ಕೆಳಗೆ ಗಾಯಕ್ಕೆ ಹಾಕೋ ನೀಲಿ ಪ್ಲಾಸ್ಟರ್ ಪಟ್ಟಿ ಅಂಟಿಸ್ಕೊಂಡ್ರೆ ಒಪ್ಪುತೀರಾ, ಇಲ್ಲ ಅಂದ್ರೆ ಯಾಕೆ ಅಂತ ಬರೆದು ಕೊಡಿ ಅನ್ನು. ಆಹಾರದಲ್ಲಿ ನೀಲಿ ಬಣ್ಣ ಅಪರೂಪ, ಬಿದ್ರೂ ಕಣ್ಣಿಗೆ ಹೊಡೆಯುತ್ತೆ, ಒಳಗೆ ಲೋಹದ ಎಳೆ ಇರೋದ್ರಿಂದ ಡಿಟೆಕ್ಟರಿಗೂ ಸಿಗುತ್ತೆ, ಅದಕ್ಕೇ ಅವರು ನೀಲಿ ಇಟ್ಟಿರೋದು. ಒಪ್ಪದೇನೂ ಇರಬಹುದು. ಆಗ ಲಾಕರ್.

ಅಮ್ಮನ ವಿಷಯ, ನಂದೇ ಹೇಳ್ತೀನಿ ಕೇಳು. ಲೈನಿಗೆ ಹೋಗೋವಾಗ ದಿನಾ ಕರಿಮಣಿ ಬಿಚ್ಚಿ ಡಬ್ಬಿಗೆ ಹಾಕ್ತಿದ್ದೆ, ಮೊದಲನೇ ದಿನ ಕತ್ತು ಖಾಲಿ ಖಾಲಿ ಅನಿಸಿ ಹತ್ತು ನಿಮಿಷಕ್ಕೊಂದ್ಸಲ ಕೈ ಅಲ್ಲಿಗೇ ಹೋಗ್ತಿತ್ತು. ನಮ್ಮತ್ತೆಗೆ ನಾನು ರಿಟೈರ್ ಆಗೋವರೆಗೂ ಹೇಳಲಿಲ್ಲ.

ಪ್ರಶ್ನೆ: ಸಿಖ್ಖರಿಗೆ ಹೆಲ್ಮೆಟ್ ಬೇಡ ಅಂತ ಕಾನೂನೇ ಇದೆ. ಹಾಗಾದ್ರೆ ಆಹಾರದ ಫ್ಯಾಕ್ಟರಿಲೂ ಧರ್ಮದ ಹೆಸರಲ್ಲಿ ಕ್ಯಾಪ್ ಬೇಡ ಅಂತ ಯಾರು ಬೇಕಾದ್ರೂ ಕೇಳಬಹುದಲ್ವಾ? ಎಲ್ಲಿಗೆ ನಿಲ್ಲುತ್ತೆ ಇದು? (ಬೀದರ್‌ನ ಓದುಗರೊಬ್ಬರು)

ಉತ್ತರ: ಕೇಳಬಹುದು, ಸಿಗಲ್ಲ. ಮೋಟಾರು ವಾಹನ ಕಾಯ್ದೆ 1988ರ 129ನೇ ಸೆಕ್ಷನ್ ಪೇಟ ಕಟ್ಟಿರೋ ಸಿಖ್ಖರಿಗೆ ಹೆಲ್ಮೆಟ್ ಬಿಟ್ಟಿದೆ ನಿಜ, ಬ್ರಿಟನ್ನಲ್ಲೂ 1976ರಲ್ಲಿ ಬೈಕಿಗೆ, 1989ರಲ್ಲಿ ಕಟ್ಟಡದ ಕೆಲಸಕ್ಕೆ, 2015ರಲ್ಲಿ ಹೆಚ್ಚುಕಮ್ಮಿ ಉಳಿದ ಕೆಲಸದ ಜಾಗಕ್ಕೂ ಬಿಟ್ರು. ಆದ್ರೆ ಹೆಲ್ಮೆಟ್ ಇಲ್ಲದೆ ಬಿದ್ರೆ ಒಡೆಯೋದು ಅವರ ತಲೆ. ಕ್ಯಾಪ್ ಇಲ್ಲದೆ ಕಲಸಿದ ಹಿಟ್ಟು ಹೋಗೋದು ಇನ್ನೊಬ್ಬರ ಮಗುವಿನ ಹೊಟ್ಟೆಗೆ. ಮೂಗು, ಚರ್ಮ, ಕೂದಲಲ್ಲೆಲ್ಲ ಇರೋ ಸ್ಟಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಆಹಾರದಲ್ಲಿ ಬೆಳೆದು ವಿಷ ಬಿಟ್ರೆ ಆಮೇಲೆ ಕುದಿಸಿದ್ರೂ ಆ ವಿಷ ಹೋಗಲ್ಲ. ತನ್ನ ಜೀವದ ಮೇಲೆ ತಾನು ಬಿಟ್ಟುಕೊಡೋದು ಬೇರೆ, ಇನ್ನೊಬ್ಬರದ್ದನ್ನ ಬಿಟ್ಟುಕೊಡೋಕೆ ನಾವ್ಯಾರು.

ಇನ್ನೊಂದು, ನೀವು ಬೀದರಿನವರಾಗಿ ಈ ಪ್ರಶ್ನೆ ಕೇಳ್ತೀರಲ್ಲ ಸರ್, ಝೀರಾ ಸಾಹೇಬ್ ಗುರುದ್ವಾರದ ಲಂಗರಿಗೆ ಹೋಗಿಲ್ವಾ? ಅಲ್ಲಿ ನೀವು ಯಾವ ಜಾತಿ ಆದ್ರೂ ತಲೆಗೆ ಬಟ್ಟೆ ಕಟ್ಟದೆ ಒಳಗೆ ಕಾಲಿಡಂಗಿಲ್ಲ, ರೊಟ್ಟಿ ಬೇಯಿಸೋರು, ಬಡಿಸೋರು, ತಿನ್ನೋರು ಎಲ್ಲರ ತಲೇನೂ ಮುಚ್ಚಿರುತ್ತೆ. ಪೇಟ ಅನ್ನೋದೇ ತಲೆ ಹೊದಿಕೆ. ಫ್ಯಾಕ್ಟರಿಲಿ ಮಾಡ್ಬೇಕಾಗಿರೋದು ಒಗೆದ ಪೇಟವೊಂದನ್ನ ಅಲ್ಲೇ ಇಟ್ಟು ಅಲ್ಲೇ ಕಟ್ಟಿಸೋದು, ಮೇಲೊಂದು ದೊಡ್ಡ ಸೈಜಿನ ಬಫೆಂಟ್ ಕ್ಯಾಪು, ಅಂದ್ರೆ ಅಂಚಿಗೆ ಎಲಾಸ್ಟಿಕ್ ಇರೋ ಉಬ್ಬಿದ ಟೋಪಿ, ಗಡ್ಡಕ್ಕೆ ನೆಟ್ಟು, ಕೈಯಿನ ಕಡಗ ಉದ್ದ ಗ್ಲೌಸಿನ ಒಳಗೆ. ದೊಡ್ಡ ಸೈಜು ಅಂತ ಒತ್ತಿ ಹೇಳ್ತಿದೀನಿ, 18 ಇಂಚಿನದ್ದನ್ನ ಕೊಟ್ಟು ಪೇಟದ ಮೇಲೆ ಕೂರಲ್ಲ ಅಂತ ದೂರಿದವರನ್ನ ನೋಡಿದೀನಿ, 24 ಇಂಚಿನದ್ದು ತರಿಸೋಕೆ ಏನು ಕಷ್ಟ. ಸಿಖ್ಖರು ಧರಿಸೋ ಸಣ್ಣ ಕತ್ತಿ ಕಿರ್ಪಾಣ್ ಮಾತ್ರ ಸುಲಭ ಅಲ್ಲ, ಸಂವಿಧಾನದ 25ನೇ ವಿಧಿಯ ವಿವರಣೆಲೇ ಅದರ ಹೆಸರಿದೆ, ಇತ್ತ ಫ್ಯಾಕ್ಟರಿಲಿ ಒಂದೊಂದು ಚಾಕುವನ್ನೂ ಎಣಿಸಿ ಕೊಟ್ಟು ಎಣಿಸಿ ವಾಪಸ್ ತಗೊಳ್ತಾರೆ. ಅದನ್ನ ಕೂತು ಮಾತಾಡಿಯೇ ಬಗೆಹರಿಸ್ಬೇಕು, ಕೆಲಸಕ್ಕೆ ಸೇರೋಕೆ ಮುಂಚೆ.

ಪ್ರಶ್ನೆ: ಮೇಡಂ, ಬೆಂಗಳೂರಲ್ಲಿ ಐಸ್‌ಕ್ರೀಮ್ ಪ್ಲಾಂಟಲ್ಲಿ ಕೆಲಸ. ಶಬರಿಮಲೆಗೆ ಮಾಲೆ ಹಾಕಿದೀನಿ, 41 ದಿನ. ಗಡ್ಡ ತೆಗಿ, ಗಂಬೂಟ್ ಹಾಕು ಅಂತ ಶಿಫ್ಟ್ ಇನ್‌ಚಾರ್ಜ್ ಕಾಟ. ಚಪ್ಪಲಿನೇ ಹಾಕ್ಬಾರ್ದು ನಾವು. ಏನ್ ಮಾಡ್ಲಿ?

ಉತ್ತರ: ಸ್ವಾಮಿ ಶರಣಂ. ಗಡ್ಡಕ್ಕೆ ಚಿಂತೆ ಬೇಡ ಸ್ವಾಮಿ, ಗಡ್ಡದ ನೆಟ್ಟು ಹಾಕಿದ್ರೆ ಆಯ್ತು, ತೆಗೀಬೇಕಾಗಿಲ್ಲ, ಪಕ್ಕದ ಲೈನಲ್ಲಿ ವರ್ಷಪೂರ್ತಿ ಗಡ್ಡ ಬಿಟ್ಟಿರೋ ಸಾಬರಿಗೆ ಏನು ಕೊಡ್ತಾರೋ ನಿಮಗೂ ಅದನ್ನೇ ಕೇಳಿ. ಮೀಸೆ ಒಳಗಿರ್ಬೇಕು ಮತ್ತೆ, ಗಲ್ಲಕ್ಕೆ ಮಾತ್ರ ನೇತುಹಾಕ್ಕೊಂಡು ಓಡಾಡೋದಲ್ಲ. ತುಳಸಿ ಮಾಲೆ ಬನಿಯನ್ ಒಳಗೆ. ಹಣೆ ಮೇಲಿನ ವಿಭೂತಿ ಒಣಗಿ ಉದುರುತ್ತೆ, ಪ್ಲಾಂಟಿಗೆ ಹೋಗೋವಾಗ ಒದ್ದೆ ಬಟ್ಟೇಲಿ ಒರೆಸಿ ಸಂಜೆ ಪೂಜೆಗೆ ಮತ್ತೆ ಹಚ್ಕೊಳ್ಳಿ.

ಬರಿಗಾಲು ಮಾತ್ರ ನಾನು ಒಪ್ಪಲ್ಲ. ಐಸ್‌ಕ್ರೀಮ್ ಪ್ಲಾಂಟಿನ ನೆಲ ಯಾವಾಗ್ಲೂ ಒದ್ದೆ, ಆ ಒದ್ದೇಲಿ, ಚರಂಡಿ ಬಾಯಲ್ಲಿ ಲಿಸ್ಟೀರಿಯಾ ಅಂತ ಒಂದು ಬ್ಯಾಕ್ಟೀರಿಯಾ ಮನೆ ಮಾಡ್ಕೊಂಡಿರುತ್ತೆ, ಬೇರೆಯವು ಚಳಿಗೆ ಮುದುಡಿದ್ರೆ ಇದು ಫ್ರಿಜ್ಜಿನ ಚಳೀಲೂ ಬೆಳೆಯುತ್ತೆ, ಬಸುರಿ ಹೆಂಗಸರಿಗೆ ಹೋದ್ರೆ ಮಗು ಕಳೀಬಹುದು. ಅದನ್ನ ಊರೆಲ್ಲ ಹಂಚೋದು ಕಾಲು. ಅಷ್ಟೇ ಅಲ್ಲ, ಪೈಪು ತೊಳೆಯೋಕೆ ಬಿಸಿ ಕಾಸ್ಟಿಕ್ ಸೋಡಾ ನೀರು ಬಿಡ್ತಾರಲ್ಲ, ಒಂದು ಜಾಯಿಂಟ್ ಬಿಚ್ಚಿದ್ರೆ ನಿಮ್ಮ ಪಾದದ ಗತಿ ಏನು, ಹಂಗೆ ಸುಟ್ಟ ಕಾಲನ್ನ ನಾನು ನೋಡಿದೀನಿ, ಆಮೇಲೆ ಪಂಪೆಯಿಂದ ಮೇಲೆ ಹತ್ತೋದು ಹೇಗೆ. ನಿಮ್ಮ ಗುರುಸ್ವಾಮಿ ಹತ್ರ ಕೇಳಿ ನೋಡಿ, ಚರ್ಮದ್ದಲ್ಲ, ರಬ್ಬರಿಂದು, ಪ್ಲಾಂಟಿನ ಬಾಗಿಲಲ್ಲಿ ಹಾಕಿ ಬಾಗಿಲಲ್ಲೇ ಬಿಡೋದು ಅಂತ ಹೇಳಿ. ನಮ್ಮಲ್ಲಿ ಒಬ್ಬ ಸ್ವಾಮಿಗೆ ಅವರ ಗುರುಸ್ವಾಮಿ ಹೂಂ ಅಂದ್ರು, ಇನ್ನೊಬ್ಬರಿಗೆ ಆಗಲ್ಲ ಅಂದ್ರು, ಆಗಲ್ಲ ಅಂದವರಿಗೆ ಆ ಅಷ್ಟೂ ದಿನ ಆಫೀಸಲ್ಲಿ ಲೇಬಲ್ ರಿಜಿಸ್ಟರ್ ಬರೆಯೋ ಕೆಲಸ ಕೊಟ್ವಿ. ಮಾಲೆ ಹಾಕೋಕೆ ಹದಿನೈದು ದಿನ ಮುಂಚೆ ಹೇಳಿದ್ರೆ ಯಾವ ಇನ್‌ಚಾರ್ಜೂ ಅಡ್ಜಸ್ಟ್ ಮಾಡ್ತಾನೆ, ಮಾಲೆ ಹಾಕಿ ಬಂದು ನಿಂತ್ರೆ ಅವನಿಗೂ ಶಿಫ್ಟಿಗೆ ಜನ ಬೇಕಲ್ಲ.

ಪ್ರಶ್ನೆ: ನಮಸ್ಕಾರ್ರಿ. ಹುಬ್ಬಳ್ಳಿ ಕಡೆ ಖಾರಪುಡಿ ಫ್ಯಾಕ್ಟರಿಯೊಳಗ ಅದೀನ್ರಿ. ಕೊಳ್ಳಾಗ ಇಷ್ಟಲಿಂಗ ಐತಿ, ಬೆಳ್ಳಿ ಕರಡಗಿಯೊಳಗ. ತಗದಿಟ್ಟ ಬಾ ಅಂತಾರ. ನಾವು ತಗಿಯಂಗಿಲ್ರಿ.

ಉತ್ತರ: ತೆಗೀಬೇಡಿ ರೀ, ಆದ್ರೆ ಹೊರಗೂ ನೇತಾಡಬಾರದು. ಖಾರ ಕುಟ್ಟೋ ಪಲ್ವರೈಸರ್ ಆದ್ಮೇಲೆ ಮ್ಯಾಗ್ನೆಟ್ ಇಟ್ಟಿರ್ತಾರಲ್ಲ, ಅದು ಕಬ್ಬಿಣ ಹಿಡಿಯುತ್ತೆ, ಬೆಳ್ಳಿ ಹಿಡಿಯಲ್ಲ, ಬಗ್ಗಿದಾಗ ಸರಪಳಿ ಕಡಿದು ಮಾಲು ಸುರಿಯೋ ಹಾಪರಿಗೆ ಬಿದ್ರೆ ಮುಗೀತು. ಕೆಲಸದ ಹೊತ್ತಿಗೆ ಬೆಳ್ಳಿ ಕರಡಿಗೆ ಬಿಟ್ಟು ಬಿಳಿ ವಸ್ತ್ರದಲ್ಲಿ ಸುತ್ತಿ ಗಟ್ಟಿ ಶಿವದಾರದಲ್ಲಿ ಬನಿಯನ್ ಒಳಗೆ ಕಟ್ಕೊಳ್ಳಿ, ಹಂಗೆ ಕಟ್ಟೋರು ನಿಮ್ಮಲ್ಲೇ ಬೇಕಾದಷ್ಟು ಜನ ಇದ್ದಾರೆ. ಮೇಲೆ ಕತ್ತಿನವರೆಗೆ ಮುಚ್ಚೋ, ಎದೆ ಮೇಲೆ ಜೇಬಿಲ್ಲದ ಕೋಟು. ಇದನ್ನ ಇನ್‌ಚಾರ್ಜಿಗೆ ತೋರಿಸಿಯೇ ಒಳಗೆ ಹೋಗಿ, ಕದ್ದು ಹಾಕ್ಕೊಂಡು ಹೋಗ್ಬೇಡಿ. ಜನಿವಾರದವರು, ಶಿಲುಬೆಯವರು, ತಾಯತದವರು ಎಲ್ಲರಿಗೂ ಇದೇ ಉತ್ತರ, ಬೇರೆ ಬೇರೆ ಪತ್ರ ಬರೀಬೇಡಿ.

ಪ್ರಶ್ನೆ: ನಮ್ಮ ಮಠ, ಛತ್ರಗಳಲ್ಲಿ ಭಟ್ರು ಬರಿಮೈಲಿ ಸಾವಿರಾರು ಜನಕ್ಕೆ ಅಡುಗೆ ಮಾಡ್ತಾರೆ. ಯಾವ ನೆಟ್ಟು? ಯಾರಿಗೆ ಏನಾಯ್ತು? ಇದೆಲ್ಲ ಫಾರಿನ್ ಶೋಕಿ ಅಲ್ವಾ?

ಉತ್ತರ: ಶೋಕಿ ಅಂದ್ರಿ, ನಮ್ಮಜ್ಜಿ ಇದ್ದಿದ್ರೆ ನಿಮಗೆ ಸೌಟಲ್ಲಿ ಕೊಡ್ತಿದ್ರು. ಕೂದಲು ಬಿಟ್ಕೊಂಡು ಅಡುಗೆಮನೆಗೆ ಕಾಲಿಡೋ ಹಾಗಿರಲಿಲ್ಲ ನಾವು, ಸ್ನಾನ ಆಗಿರ್ಬೇಕು, ಗಂಟು ಹಾಕಿರ್ಬೇಕು, ಹೊರಗೆ ಉಟ್ಟ ಸೀರೆ ಅಲ್ಲ, ಒಗೆದು ಒಳಗೇ ಒಣಗಿಸಿದ ಸೀರೆ. ಮಡಿ ಅನ್ನೋದರಲ್ಲಿ ಯಾರು ಮುಟ್ಟಬಹುದು ಯಾರು ಮುಟ್ಟಬಾರದು ಅನ್ನೋ ಜಾತಿಯ ಕಸವನ್ನ ಗುಡಿಸಿ ಹಾಕಿದ್ರೆ ಉಳಿಯೋ ಬಟ್ಟೆಯ ನೇಮ ಇದೆಯಲ್ಲ, ಅದು ಹೆಚ್ಚುಕಮ್ಮಿ ಫ್ಯಾಕ್ಟರಿಯ ಚೇಂಜಿಂಗ್ ರೂಮಿಂದೇ. ಇನ್ನು ಛತ್ರದ ಸಾರು ಕುದಿ ಕುದಿತಾ ಎಲೆಗೆ ಬೀಳುತ್ತೆ, ಅರ್ಧ ಗಂಟೇಲಿ ಹೊಟ್ಟೆಗೆ ಹೋಗುತ್ತೆ. ಪ್ಯಾಕೆಟ್ ಮಾಡಿದ್ದು ಆರು ತಿಂಗಳು ಅಂಗಡೀಲಿ ಕೂರುತ್ತೆ, ಒಂದು ಬ್ಯಾಚು ಹತ್ತು ಜಿಲ್ಲೆಗೆ ಹೋಗುತ್ತೆ. ದೇವಸ್ಥಾನದ ಅಡುಗೆಗೂ ಎಫ್‌ಎಸ್‌ಎಸ್‌ಎಐ ಭೋಗ್ ಅಂತ ಸರ್ಟಿಫಿಕೇಟ್ ಕೊಡುತ್ತೆ ಈಗ, ಅಲ್ಲೂ ತಲೆಗೆ ಬಟ್ಟೆ ಕಟ್ಟಿಸ್ತಾರೆ. ಯಾರಿಗೆ ಏನಾಯ್ತು ಅಂತೀರಿ, ಮದುವೆ ಊಟ ಮಾಡಿ ರಾತ್ರಿ ಹೊಟ್ಟೆ ಕೆಟ್ರೆ ನಾವು ದೂರೋದು ನೀರನ್ನ, ಭಟ್ರ ಬೆವರನ್ನ ಯಾರು ದೂರಿದ್ದಾರೆ.

ಪ್ರಶ್ನೆ: ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದೆ. ತಲೇಲಿ ಒಂದೇ ಒಂದು ಕೂದಲಿಲ್ಲ. ಆದ್ರೂ ಬೇಕರಿ ಯೂನಿಟ್ ಗೇಟಲ್ಲಿ ಕ್ಯಾಪ್ ಹಾಕು ಅಂತಾರೆ. ನಗು ಬರುತ್ತೆ.

ಉತ್ತರ: ನಕ್ಕೊಂಡೇ ಹಾಕ್ಕೊಳ್ಳಿ. ಬೋಳು ತಲೆ ಬೆವರು ನೇರ ಹಿಟ್ಟಿಗೇ ಇಳಿಯುತ್ತೆ, ತಡೆಯೋಕೆ ಕೂದಲೂ ಇಲ್ಲ, ಹೊಸದಾಗಿ ಬೋಳಿಸಿದ ಚರ್ಮ ನಾಲ್ಕು ದಿನ ಹೊಟ್ಟು ಉದುರಿಸುತ್ತೆ, ಹುಬ್ಬನ್ನಂತೂ ಕೊಟ್ಟು ಬಂದಿರಲ್ಲ. ಅಷ್ಟು ದೂರ ಹೋಗಿ ಬಂದು ಗೇಟಲ್ಲಿರೋರಿಗೆ ಲಾಡು ಕೊಟ್ರಾ ಇಲ್ವಾ ಅಂತ ಬರೆದಿಲ್ಲ ನೀವು, ಕೊಡದೇ ಇದ್ರೆ ಅವರು ಕ್ಯಾಪ್ ಹಾಕು ಅಂತ ಇನ್ನೂ ಜೋರಾಗೇ ಹೇಳ್ತಾರೆ.